ಗಂಜಿ ಕುಡಿದ ಮಡಕೆ

ನನ್ನ ತಂಗಿ ಹಿತ್ತಲಿನಲ್ಲಿ ಗುಂಡಿ ತೋಡಲು ಶುರುಮಾಡಿದ ದಿನ ಪಕ್ಕದ ಮನೆ ಮಾಮಿ ಕಾಂಪೌಂಡಿನ ಮೇಲಿಂದ ಇಣುಕಿ, ಸಂಪು ಸೋರುತ್ತಿದೆಯೇ ಎಂದು ಕೇಳಿದರು. ಚಾಮರಾಜಪೇಟೆಯ ನಮ್ಮ ಸಾಲಿನಲ್ಲಿ ಹಿತ್ತಲು ಅಂತ ಉಳಿದಿರುವುದು ನಮ್ಮ ಮನೆಗೂ ಅವರ ಮನೆಗೂ ಮಾತ್ರ. ಉಳಿದವರು ಅಲ್ಲೂ ಒಂದೊಂದು ಬಾಡಿಗೆ ಮನೆ ಎಬ್ಬಿಸಿದ್ದಾರೆ. ಸಂಪಲ್ಲ, ಮಡಕೆ ಸುಡುವುದಕ್ಕೆ ಎಂದು ತಂಗಿ ಹಾರೆ ನಿಲ್ಲಿಸದೆ ಹೇಳಿದಳು.

"ಮಡಕೆ ಬೇಕಿದ್ರೆ ಮಾರ್ಕೆಟ್ಟಲ್ಲೇ ಸಿಗತ್ತಲ್ಲಮ್ಮಾ," ಎಂದರು ಮಾಮಿ.

ಮಾರ್ಕೆಟ್ಟಿನಲ್ಲಿ ಸಿಗುವಂಥದು ಅವಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಸುಮಾರು ಸಾವಿರದ ನಾನೂರು ವರ್ಷದ ಹಿಂದಿನ ಮಡಕೆ. ಅದೂ ನಮ್ಮ ದೇಶದ್ದಲ್ಲ.

ತಂಗಿ ಶೇಷಾದ್ರಿಪುರದ ಕಡೆ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಾಳೆ. ಮದುವೆ ಬೇಡವೆಂದಳು, ನಮ್ಮ ಜೊತೆಯಲ್ಲೇ ಇದ್ದಾಳೆ. ನಾನು ಓದಿದ್ದು ಏಳನೇ ತರಗತಿವರೆಗೆ. ಅಮ್ಮನಿಗೆ ಕೀಲುವಾತ ಬಂದು ಕೈಗಳು ಮಡಚಿಕೊಂಡ ವರ್ಷ ಶಾಲೆ ಬಿಟ್ಟು ಮನೆ ಹಿಡಿದೆ. ತಂಗಿ ಆಗಿನ್ನೂ ತೊಟ್ಟಿಲಿನಲ್ಲಿದ್ದಳು. ಅವಳಿಗೆ ನೀರು ಹಾಕಿದವಳು, ಜಡೆ ಹಾಕಿದವಳು, ಮೊದಲ ದಿನ ಶಾಲೆಯ ಗೇಟಿನವರೆಗೆ ಎಳೆದುಕೊಂಡು ಹೋದವಳು ನಾನೇ. ಈಗ ಮನೆಯಲ್ಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಕೊಡುತ್ತೇನೆ. ಇದನ್ನೆಲ್ಲ ಹೇಳುವುದು ಹೆಚ್ಚುಗಾರಿಕೆಗಲ್ಲ. ಅವಳು ಅತ್ತರೆ ನನ್ನ ಕೈ ಸುಮ್ಮನಿರುವುದಿಲ್ಲ ಎನ್ನುವುದು ಮೊದಲೇ ಗೊತ್ತಿರಲಿ ಅಂತ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಅವಳು ಯೂರೋಪಿನಲ್ಲಿ ಒಂದು ಉತ್ಖನನಕ್ಕೆ ಹೋಗಿದ್ದಳು. ನದಿ ದಂಡೆಯ ಹಳ್ಳಿ, ಊರ ಹೊರಗಿನ ಹೊಲ. ವಾಪಸು ಬಂದವಳ ಪೆಟ್ಟಿಗೆಯಲ್ಲಿ ನನಗೊಂದು ಸ್ವೆಟರು, ಮಾಮಿಗೆ ಚಾಕೊಲೇಟು, ಫೋನಿನ ತುಂಬ ಮಡಕೆ ಚೂರುಗಳ ಚಿತ್ರ ಇದ್ದವು. ನಾವು ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಲು ಆರಿಸುತ್ತಿದ್ದಂಥ ಬೋಕಿಗಳು. ಇದನ್ನು ನೋಡಲು ವಿಮಾನ ಹತ್ತಿ ಹೋಗಬೇಕಿತ್ತೇ ಎಂದು ನಾನು ನಕ್ಕೆ. ಅವಳು ನನ್ನನ್ನು ಹಾಲಿನಲ್ಲಿ ಕೂರಿಸಿ ಹೇಳಲು ಶುರುಮಾಡಿದಳು. ಅಂದು ರಾತ್ರಿಯ ಅಡುಗೆ ತಡವಾಯಿತು.

ಆ ಮಡಕೆಗಳಿಗೆ ಬಣ್ಣವಿಲ್ಲ, ಗೆರೆಯಿಲ್ಲ, ಹಿಡಿಯಿಲ್ಲ. ತಿಗರಿ ತಿರುಗಿಸಿ ಮಾಡಿದ್ದಲ್ಲ, ಬರೀ ಕೈಯಲ್ಲಿ ಮಾಡಿದ್ದು. ತಳ ಸಣ್ಣದು, ಭುಜ ಮೇಲಕ್ಕೆ, ಕಂಠ ಗಿಡ್ಡ. ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ. ಪ್ರಾಗ್ ಎನ್ನುವ ಊರಿನ ಹತ್ತಿರವೂ ಸಿಕ್ಕಿವೆ, ಎಷ್ಟೋ ದೂರದ ಕೊರ್ಚಾಕ್ ಎನ್ನುವ ಹಳ್ಳಿಯಲ್ಲೂ ಸಿಕ್ಕಿವೆ. ಹಾಗಾಗಿ ಎರಡೂ ಹೆಸರು ಸೇರಿಸಿ ಪ್ರಾಗ್–ಕೊರ್ಚಾಕ್ ಸಂಸ್ಕೃತಿ ಎನ್ನುತ್ತಾರಂತೆ. ದೊಡ್ಡ ರಾಜ್ಯವೊಂದು ಕುಸಿದು ಅಷ್ಟೂ ಸೀಮೆ ಗಲಿಬಿಲಿಯಾಗಿದ್ದ ಕಾಲದಲ್ಲಿ ಈ ಜನ ನದಿಗಳ ಪಕ್ಕ ಸಣ್ಣ ಸಣ್ಣ ಹಳ್ಳಿ ಮಾಡಿಕೊಂಡಿದ್ದರು. ಕೋಟೆಯಿಲ್ಲ, ಚಿನ್ನವಿಲ್ಲ, ಬರಹವಿಲ್ಲ. ಸತ್ತವರನ್ನು ಸುಟ್ಟು, ಗಂಜಿ ಬೇಯಿಸುವಂಥ ಅದೇ ಸಾದಾ ಮಡಕೆಯಲ್ಲಿ ಬೂದಿ ತುಂಬಿ ಹೂಳುತ್ತಿದ್ದರು. ಇವತ್ತು ಆ ಕಡೆ ಸ್ಲಾವ್ ಭಾಷೆಗಳನ್ನು ಆಡುವವರ ಹಿರಿಯರು ಇವರೇ ಇರಬಹುದು ಎಂದು ಬಹಳ ಜನ ಹೇಳುತ್ತಾರೆ. ಇರಬಹುದು ಅಂತ ಯಾಕೆ ಎಳೆಯುತ್ತೀ, ಹೌದೋ ಅಲ್ಲವೋ ಎಂದು ಕೇಳಿದೆ.

"ಮಡಕೆ ಯಾವ ಭಾಷೆನೂ ಮಾತಾಡಲ್ಲ ಅಕ್ಕ," ಎಂದಳು. "ಅಷ್ಟು ಸುಲಭ ಆಗಿದ್ರೆ ನಾನ್ಯಾಕೆ ಬೇಕಿತ್ತು."

ಮಾರನೆಯ ದಿನ ಬೆಳಿಗ್ಗೆ ರಂಗೋಲಿ ಡಬ್ಬ ಎತ್ತಿಕೊಂಡು ನಮ್ಮ ಹಾಲಿನ ನೆಲದ ಮೇಲೆ ಅವರ ಮನೆ ಬರೆದಳು, ನಿಜವಾದ ಅಳತೆಯಲ್ಲಿ. ಚೌಕ. ಅರ್ಧ ನೆಲದೊಳಗೆ, ಅರ್ಧ ಮೇಲೆ. ಒಂದೇ ಕೋಣೆ, ಮೂಲೆಯಲ್ಲಿ ಕಲ್ಲು ಪೇರಿಸಿದ ಒಲೆ. ನೋಡಿದರೆ ಹೆಚ್ಚುಕಮ್ಮಿ ನಮ್ಮ ಹಾಲಿನಷ್ಟೇ ಇತ್ತು. ನಾನು ಆ ಗೆರೆಯೊಳಗೆ ಹೋಗಿ ನಿಂತೆ. ಇಲ್ಲೇ ಮಲಗುವುದು, ಇಲ್ಲೇ ಬೇಯಿಸುವುದು, ಇಲ್ಲೇ ಹೆರುವುದು. ಹೊಗೆ ಎಲ್ಲಿಂದ ಹೋಗುತ್ತಿತ್ತು ಎಂದು ಕೇಳಿದೆ. ಅದನ್ನೇ ನಾವೂ ಕೇಳ್ತಿರೋದು ಎಂದು ಅವಳು ಕುಣಿದಳು. ಮಾಮಿ ಕಾಫಿಪುಡಿ ಕೇಳಲು ಬಂದವರು ಗೆರೆ ತುಳಿಯದೆ ಬಾಗಿಲಲ್ಲೇ ನಿಂತು, ಒಲೆ ಯಾವ ಮೂಲೆ ಎಂದು ವಿಚಾರಿಸಿದರು. ಎಷ್ಟೋ ಮನೆಗಳಲ್ಲಿ ವಾಯವ್ಯ ಎಂದಳು ತಂಗಿ.

"ಒಲೆ ಅಗ್ನಿಮೂಲೆಲಿ ಇಡ್ಬೇಕು," ಎಂದರು ಮಾಮಿ. "ಅದಕ್ಕೇ ನೆಲದೊಳಗೆ ಹೋಗಿದಾರೆ."

ಅಂದಿನಿಂದ ನಮ್ಮ ಮನೆಯಲ್ಲಿ ಆ ಜನ ದಿನವೂ ಬಂದುಹೋಗುವ ನೆಂಟರ ಹಾಗಾದರು. ಅವರು ತಿನ್ನುತ್ತಿದ್ದದ್ದು ಬರಗು ಎಂದು ಗೊತ್ತಾದ ಮೇಲೆ ನನಗೆ ಇನ್ನೂ ಹತ್ತಿರವಾದರು. ಸಿರಿಧಾನ್ಯದ ಅಂಗಡಿಯಲ್ಲಿ ನವಣೆ, ಸಾಮೆಯ ಪಕ್ಕ ಇರುತ್ತದಲ್ಲ, ಅದೇ ಬರಗು.

ಈ ವರ್ಷ ಆ ಉತ್ಖನನದ ಗುಂಪಿನವರು ಅಗೆದ ಜಾಗದ ಪಕ್ಕದಲ್ಲೇ ಅಂಥ ಒಂದು ಮನೆಯನ್ನು ಮತ್ತೆ ಕಟ್ಟಲು ಹೊರಟರು. ಅದರೊಳಗೆ ಕಲ್ಲೊಲೆ ಹಾಕಿ, ಕೈಯಲ್ಲಿ ಮಾಡಿದ ಮಡಕೆಗಳಲ್ಲೇ ಬೇಯಿಸಿ ನೋಡುವುದು ಅವರ ಯೋಜನೆ. ಮಣ್ಣಿಗೆ ಏನನ್ನು ಎಷ್ಟು ಬೆರೆಸಿದರೆ, ಒಳಗೆ ಯಾವ ಲೇಪವೂ ಇಲ್ಲದೆ, ನೀರು ನಿಲ್ಲುತ್ತದೆ ಎಂದು ಬೇರೆ ಬೇರೆ ದೇಶಗಳಲ್ಲಿದ್ದ ಅವರ ಗುಂಪಿನವರು ಮಾಡಿ ನೋಡಬೇಕು. ಯಾರ ಹದ ಗೆಲ್ಲುತ್ತದೋ ಅದರಂತೆ ಅಲ್ಲಿಯ ಮಣ್ಣು ಕಲಸುವುದು. ಹದ ಕೊಟ್ಟವರಿಗೇ ಮುಂದಿನ ಬೇಸಿಗೆಯಲ್ಲಿ ಅಲ್ಲಿಯ ಮಡಕೆಗಳ ಹೊಣೆ. ತಂಗಿಗೆ ಅದು ಬೇಕಿತ್ತು. ಇಪ್ಪತ್ತು ವರ್ಷ ಕ್ಲಾಸಿನಲ್ಲಿ ಬೇರೆಯವರು ಅಗೆದದ್ದನ್ನು ಓದಿಹೇಳಿದವಳಿಗೆ, ತನ್ನ ಕೈಯಿಂದ ಒಂದು ಆಗಬೇಕಿತ್ತು.

ಕನಕಪುರ ರಸ್ತೆಯ ಕಡೆ ಒಂದು ಕೆರೆಯ ಹೂಳು ಎತ್ತುತ್ತಿದ್ದರು. ಅಲ್ಲಿಂದ ಚೀಲಗಳಲ್ಲಿ ಮಣ್ಣು ತಂದಳು. ನಮ್ಮನೆಯವರು ಕಾಟನ್‌ಪೇಟೆಯ ಸಗಟು ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ದಾರಿಯಲ್ಲಿ ಗ್ರಂಥಿಗೆ ಅಂಗಡಿಯಿಂದ ಬೆರಣಿ ಹೊತ್ತು ತಂದುಕೊಟ್ಟರು. ಮಾಮಿ ಮೊದಲು ಹೊಗೆ ಬರುತ್ತದೆಂದು ಗೊಣಗಿ, ಆಮೇಲೆ ತಮ್ಮ ತೆಂಗಿನ ಮರದ ಒಣಗರಿಯನ್ನೆಲ್ಲ ಕಾಂಪೌಂಡಿನ ಈಚೆಗೆ ಎಸೆದರು. ಮಣ್ಣನ್ನು ಕೋಡುಬಳೆಗೆ ಹೊಸೆದ ಹಾಗೆ ಉದ್ದಕ್ಕೆ ಹೊಸೆದು, ಸುತ್ತಿ ಸುತ್ತಿ ಮೇಲೇರಿಸಿ, ಒದ್ದೆ ಕೈಯಲ್ಲಿ ಸವರಬೇಕು. ಹೊಸೆಯುವ ಕೆಲಸಕ್ಕೆ ನನ್ನನ್ನೂ ಸೇರಿಸಿಕೊಂಡಳು. ಆ ಮಧ್ಯಾಹ್ನಗಳಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ. ಮೊಣಕೈವರೆಗೆ ಕೆಸರು, ಬಾಯಿ ತುಂಬ ಮಾತು.

ಮೊದಲ ಸಲ ಸುಟ್ಟದ್ದೆಲ್ಲ ಸೋರಿತು. ಸೋರಿತು ಎಂದರೆ ಸಣ್ಣದಾಗಲ್ಲ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ನೀರು ಖಾಲಿ. ಇದ್ದುದರಲ್ಲಿ ಗಟ್ಟಿಯಾದುದರಲ್ಲಿ ಬರಗಿನ ಗಂಜಿಗೆ ಇಟ್ಟರೆ ಅದು ಸೋರಿ ಉರಿಯೇ ಆರಿಹೋಯಿತು. ತಂಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ತನ್ನಿಂದ ಆಗುವುದಿಲ್ಲ ಎಂದು ಅವರಿಗೆ ಬರೆದುಬಿಡುತ್ತೇನೆ ಎಂದಳು. ಬರೆಯಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಮಣ್ಣು ನೆನೆಹಾಕಿದಳು.

ಎರಡನೆಯ ಸಲ ಮೂರು ಬಗೆ. ಒಂದಕ್ಕೆ ಮರಳು, ಒಂದಕ್ಕೆ ಹೊಟ್ಟು, ಇನ್ನೊಂದಕ್ಕೆ ಹಳೇ ಮಡಕೆಯನ್ನೇ ಕುಟ್ಟಿ ಮಾಡಿದ ಪುಡಿ. ಆ ಜನ ಒಡೆದ ಮಡಕೆಯನ್ನು ಎಸೆಯದೆ ಕುಟ್ಟಿ ಹೊಸ ಮಣ್ಣಿಗೆ ಬೆರೆಸುತ್ತಿದ್ದರಂತೆ. ಬೂದಿ ಸರಿಸಿ ಈಚೆಗೆ ತೆಗೆದಾಗ ಮೂರೂ ಬಿರುಕಿಲ್ಲದೆ ಬಂದವು. ಬೆರಳಲ್ಲಿ ತಟ್ಟಿದರೆ ಠಣ್ ಎಂದವು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದೆವು. ಭಾನುವಾರ ನೀರು ತುಂಬಿಸಿ ನೋಡುವುದು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿ ಅವಳು ಕಾಲೇಜಿಗೆ ಹೋದಳು.

ಅದು ಶುಕ್ರವಾರ. ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ನಮ್ಮ ಮನೆಯಲ್ಲಿ ಹೊಸ ಮಡಕೆ ತಂದರೆ ಅದಕ್ಕೆ ಮೊದಲು ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಹಾಕಿ ಒಂದು ದಿನ ಇಡುತ್ತಾರೆ, ಆಮೇಲೆ ಅದರಲ್ಲಿ ತೆಳ್ಳಗೆ ಗಂಜಿ ಕಾಯಿಸುತ್ತಾರೆ, ಒಳಗೆ ಒಂದಿಷ್ಟು ಎಣ್ಣೆ ಸವರುತ್ತಾರೆ. ಮಡಕೆ ಪಳಗಿಸುವುದು ಎಂದರೆ ಇದು. ಗಂಜಿ ಕುಡಿಯದ ಮಡಕೆಯನ್ನು ಒಲೆಗೆ ಇಟ್ಟರೆ ಅಮ್ಮ ಬೈಯುತ್ತಿದ್ದಳು, ಹಸಿದ ಮಗುವನ್ನು ಕೆಲಸಕ್ಕೆ ಕಳಿಸಿದ ಹಾಗೆ ಅಂತ. ತಂಗಿಗೂ ಇದು ಗೊತ್ತಿಲ್ಲದ ವಿಷಯವಲ್ಲ. ಲೇಪವಿಲ್ಲದೆ ಮಣ್ಣು ಮಾತ್ರ ಏನು ಮಾಡುತ್ತದೆ ಎಂದೇ ಅವಳು ನೋಡಬೇಕಿದ್ದದ್ದು. ಅದು ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಬಿಟ್ಟರೆ ಈ ಬರಹ ಇಲ್ಲಿಗೇ ಮುಗಿಸಬಹುದು, ಆದರೆ ಗೊತ್ತಿತ್ತು.

ಮೂರೂ ಸಾಲಾಗಿ ಕೂತಿದ್ದವು. ಭಾನುವಾರ ಮೂರೂ ಸೋರುತ್ತವೆ, ಇವಳು ಮತ್ತೆ ಆ ಕಲ್ಲಿನ ಮೇಲೆ ಕೂರುತ್ತಾಳೆ ಎಂದು ನನಗೆ ಅನ್ನಿಸಿತು. ಬೋಕಿ ಪುಡಿ ಬೆರೆಸಿದ್ದನ್ನು ಎತ್ತಿಕೊಂಡೆ. ಅದೇ ಚೆನ್ನಾಗಿತ್ತು, ಅಷ್ಟೇ ಕಾರಣ. ಅಕ್ಕಚ್ಚು ಹಾಕಿಡಲು ಹೊತ್ತಿರಲಿಲ್ಲ. ಗ್ಯಾಸಿನ ಮೇಲೆ ದೋಸೆ ಹೆಂಚು ಇಟ್ಟು, ಅದರ ಮೇಲೆ ಮಡಕೆ ಇಟ್ಟು, ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿದೆ. ಮೊದಲು ತಳದಿಂದ ತೊಟ್ಟಿಕ್ಕಿ ಹೆಂಚು ಚುಯ್ ಚುಯ್ ಎಂದಿತು. ಸ್ವಲ್ಪ ಹೊತ್ತಿಗೆ ಸದ್ದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಆ ಸದ್ದು ನಿಂತಾಗ ನನಗಾದ ಖುಷಿ ಹೇಳತೀರದು. ಗಂಜಿ ಚೆಲ್ಲಿ, ತೊಳೆದು, ಕಡಲೆಕಾಯಿ ಎಣ್ಣೆ ಒಂದಿಷ್ಟು ಸವರಿ, ತಾರಸಿಯಲ್ಲಿ ಹಪ್ಪಳದ ಪಕ್ಕ ಒಣಗಿಸಿದೆ. ಸುಡುವಾಗ ಹೊಗೆ ಹಿಡಿದು ಒಳಗೆಲ್ಲ ಕಪ್ಪಾಗಿತ್ತು, ಎಣ್ಣೆ ಕಾಣಲಿಲ್ಲ. ಏನಾದರೂ ವಾಸನೆ ಇದ್ದರೆ ಹಪ್ಪಳದ ಇಂಗು ಅದನ್ನು ಮುಚ್ಚಿತು. ಅವಳು ಬರುವ ಮುಂಚೆ ಇದ್ದ ಜಾಗದಲ್ಲೇ ಇಟ್ಟೆ.

ಭಾನುವಾರ ಮರಳಿನದು ಸೋರಿತು. ಹೊಟ್ಟಿನದು ಅದಕ್ಕಿಂತ ಬೇಗ ಸೋರಿತು. ಮೂರನೆಯದು ಸೋರಲಿಲ್ಲ. ತಂಗಿ ಅದನ್ನೆತ್ತಿ ತಳ ಮುಟ್ಟಿದಳು, ಕೆಳಗಿಟ್ಟಳು, ಮತ್ತೆ ಎತ್ತಿದಳು. ಕೆಳಗೆ ಹರಡಿದ್ದ ಕಾಗದ ಒಣಗಿತ್ತು. ಅವಳ ಮುಖ ಚಿಕ್ಕ ಹುಡುಗಿಯ ಮುಖದ ಹಾಗಾಯಿತು. ಆದರೂ ಓದಿದವಳು, ನನ್ನ ಕಡೆ ತಿರುಗಿ ಕೇಳಿದಳು.

"ಅಕ್ಕ, ಇದಕ್ಕೆ ಯಾರೂ ಏನೂ ಹಾಕಿಲ್ಲ ತಾನೆ?"

"ಇಲ್ಲ ಕಣೇ," ಎಂದೆ. "ಯಾರು ಹಾಕ್ತಾರೆ?"

ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೂ ಅದು ಸುಳ್ಳು ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ನನ್ನನ್ನು ತಬ್ಬಿಕೊಂಡಿದ್ದಳು.

ಆಮೇಲಿನ ದಿನಗಳ ಸಂಭ್ರಮವನ್ನು ಹೇಗೆ ಹೇಳಲಿ. ಮಡಕೆ ಮುಟ್ಟುವ ಹಾಗಿರಲಿಲ್ಲ, ಕುಕ್ಕರಿನಲ್ಲೇ ಬರಗಿನ ಪಾಯಸ ಮಾಡಿದೆವು. ಆ ಜನಕ್ಕೆ ಬೆಲ್ಲ ಎಲ್ಲಿತ್ತು ಎಂದು ತಂಗಿ ರೇಗಿಸಿದಳು, ಹಾಗಂತ ಎರಡು ಸಲ ಬಡಿಸಿಕೊಂಡಳು. ಮಾಮಿ ಬಂದು ಮಡಕೆಯನ್ನು ಸುತ್ತ ನೋಡಿ, ತಮ್ಮ ಮನೆಯ ನೀರಿನ ಟ್ಯಾಂಕು ಕಟ್ಟಿದವನಿಗೆ ಇದನ್ನು ತೋರಿಸಬೇಕು ಎಂದರು. ನಮ್ಮನೆಯವರು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರು. ತಂಗಿ ಬರೆದದ್ದಕ್ಕೆ ಉತ್ಖನನದ ಗುಂಪಿನವರಿಂದ ಉತ್ತರ ಬಂತು. ಅವರಿಗೂ ಖುಷಿಯೋ ಖುಷಿ. ಚಳಿ ಬೀಳುವ ಮುಂಚೆ ಅಲ್ಲಿ ಮಣ್ಣು ಕಲಸಿಡಬೇಕಂತೆ, ಶನಿವಾರ ವೀಡಿಯೋದಲ್ಲಿ ಮಡಕೆ ತೋರಿಸಿ ಹದ ಹೇಳಿದರೆ ಸೋಮವಾರವೇ ಶುರುಮಾಡುತ್ತಾರಂತೆ. ತಂಗಿ ಊಟ ಮಾಡುವಾಗಲೂ ಎಡಗೈಯಲ್ಲಿ ಮಡಕೆಯ ಆಕಾರ ಗಾಳಿಯಲ್ಲಿ ಬರೆಯುತ್ತಿದ್ದಳು. ನಾನೂ ಕುಣಿಯುತ್ತಿದ್ದೆ. ನಟನೆಯಲ್ಲ, ನಿಜವಾಗಿಯೇ ಕುಣಿಯುತ್ತಿದ್ದೆ. ಒಂದೊಂದು ಗಳಿಗೆ ನನಗೇ ಮರೆತುಹೋಗುತ್ತಿತ್ತು, ಮಡಕೆ ತಾನಾಗಿಯೇ ನಿಂತಿದೆ ಎಂದೇ ಅನ್ನಿಸುತ್ತಿತ್ತು. ಹಪ್ಪಳ ಲಟ್ಟಿಸಲು ಒಬ್ಬಳೇ ಕೂತಾಗ ಮಾತ್ರ ಆ ಹೆಂಚಿನ ಸದ್ದು ಕಿವಿಯಲ್ಲಿ ಚುಯ್ ಎನ್ನುತ್ತಿತ್ತು.

ಗುರುವಾರ ಸಂಜೆ ಕಾಲೇಜಿನಿಂದ ಬಂದವಳು ಕೈಕಾಲು ತೊಳೆಯುವ ಮುಂಚೆಯೇ ಒಂದು ಹೊಸ ಸುದ್ದಿ ಹೇಳಿದಳು. ಮಡಕೆಯಿಂದ ಒಂದು ಚೂರು ಒಡೆದು ಅವರಿಗೆ ಕಳಿಸಬೇಕಂತೆ. ಮಡಕೆಯ ಗೋಡೆ ಕುಡಿದದ್ದನ್ನು ಬಿಡುವುದಿಲ್ಲ. ಅಲ್ಲಿ ಅಗೆದು ತೆಗೆದ ಚೂರುಗಳಲ್ಲಿ ಈಗಲೂ ಆ ಕಾಲದ ಕೊಬ್ಬು, ಎಣ್ಣೆಯ ಅಂಶ ಸಿಗುತ್ತದೆ, ಅದನ್ನು ನೋಡಿ ಏನು ಬೇಯಿಸಿದ್ದರು ಎಂದು ಹೇಳುತ್ತಾರೆ.

"ಯೋಚ್ನೆ ಮಾಡು ಅಕ್ಕ, ಸಾವಿರದ ನಾನೂರು ವರ್ಷ," ಎಂದಳು. "ಎಷ್ಟು ತೊಳೆದ್ರೂ ಹೋಗಲ್ಲ."

ಅವಳ ಕಣ್ಣುಗಳು ಹೊಳೆಯುತ್ತಿದ್ದವು. ನಾನು ಸಾರಿಗೆ ಎರಡನೇ ಸಲ ಉಪ್ಪು ಹಾಕಿದೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಭಯ. ಸಿಕ್ಕಿಬೀಳುತ್ತೇನೆ ಎನ್ನುವ ಭಯ. ಆಮೇಲೆ, ಸಿಕ್ಕಿಬೀಳುವುದು ನಾನಲ್ಲ, ಅವಳು ಎಂದು ತಲೆಗೆ ಹೋಯಿತು. ಬೆಂಗಳೂರಿನ ಆ ಹೆಂಗಸು ಎಣ್ಣೆ ಸವರಿ, ಸವರಿಲ್ಲ ಎಂದಳು ಅಂತ ಅವರು ಹೇಳುವುದು. ಅಷ್ಟು ಹೊತ್ತಿಗೆ ಅಲ್ಲಿಯ ಮಣ್ಣೆಲ್ಲ ಅವಳ ಮಾತು ನಂಬಿ ಕಲಸಿ ಆಗಿರುತ್ತದೆ. ಆ ಮನೆಯೊಳಗೆ ಕಲ್ಲೊಲೆಯ ಮುಂದೆ ಯಾರೋ ಕೂತು ಗಂಜಿಗೆ ಇಡುತ್ತಾರೆ, ಅದು ಸೋರಿ ಉರಿ ಆರುತ್ತದೆ.

ಶುಕ್ರವಾರ ಹೇಳಲಾಗಲಿಲ್ಲ. ಮಾಮಿ ಬಂದು ಕೂತರು, ಆಮೇಲೆ ಇವರು ಬಂದರು, ನೆಪಗಳಿಗೇನು. ಶನಿವಾರ ಬೆಳಿಗ್ಗೆ ಅವಳು ಹಿತ್ತಲಿನಲ್ಲಿ ಮಡಕೆಗೆ ನೀರು ತುಂಬಿಸಿ, ವೀಡಿಯೋದಲ್ಲಿ ಹೇಗೆ ಎತ್ತಿ ತೋರಿಸುವುದು ಎಂದು ಅಭ್ಯಾಸ ಮಾಡುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ.

"ಆ ಮಡಕೆಗೆ ನಾನು ಗಂಜಿ ಕುಡ್ಸಿದೀನಿ ಕಣೇ," ಎಂದೆ.

ಅವಳು ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟಳು. ಮೊದಲು ಕೋಪ ಮಾಡಿಕೊಳ್ಳಲಿಲ್ಲ. ಯಾವ ದಿನ, ಎಷ್ಟು ಹೊತ್ತು ಕಾಯಿಸಿದೆ, ಯಾವ ಅಕ್ಕಿ, ಎಣ್ಣೆ ಹಾಕಿದೆಯಾ, ಯಾವ ಎಣ್ಣೆ ಎಂದು ಒಂದೊಂದಾಗಿ ಕೇಳಿದಳು. ನಾನು ಹೇಳುತ್ತಾ ಹೋದೆ. ಡಾಕ್ಟರು ಕೇಳುವ ಹಾಗೆ ಕೇಳಿದಳು. ಕೇಳಿ ಮುಗಿದ ಮೇಲೆ ಕಲ್ಲಿನ ಮೇಲೆ ಕೂತಳು.

"ನಾನು ಕೇಳಿದ್ನಲ್ಲ ಅಕ್ಕ. ಬಾಯ್ಬಿಟ್ಟು ಕೇಳಿದ್ನಲ್ಲ."

ನೀನು ಅಳುವುದನ್ನು ನೋಡಲಾಗಲಿಲ್ಲ ಎಂದೆ.

"ಅಳೋದು ನನ್ ಕೆಲ್ಸ. ಸೋರೋದು ಮಡಕೆ ಕೆಲ್ಸ," ಎಂದಳು. "ಮಧ್ಯ ನೀನ್ಯಾಕೆ ಬಂದೆ?"

ಅವಳ ಸೋಲೂ ನನ್ನದೇ, ಅದನ್ನು ತೊಳೆದು ಒಣಗಿಸಿ ಇಡುವ ಹಕ್ಕು ನನಗಿದೆ ಎಂದು ನಾನು ಎಷ್ಟು ಕಾಲದಿಂದ ಅಂದುಕೊಂಡು ಬಂದಿದ್ದೆನೋ.

ಸಂಜೆ ಹಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟಳು. ನಾನು ಒಳಗೆ ಹೋಗುತ್ತಿದ್ದೆ, ಕೈ ಹಿಡಿದು ಪಕ್ಕದಲ್ಲಿ ಕೂರಿಸಿದಳು. ನೀನೇ ಹೇಳು, ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದಳು. ಪರದೆಯ ಮೇಲೆ ಬಿಳಿ ಕೂದಲಿನ ಒಬ್ಬ ಹೆಂಗಸು ಬಂದರು. ಕಾಲಿಗೆ ಕೆಸರಿನ ಬೂಟು, ಕೈಯಲ್ಲೊಂದು ದೊಡ್ಡ ಲೋಟ. ಅಲ್ಲಿನ್ನೂ ಹಗಲು. ಅವರ ಹಿಂದೆ ಆ ಮನೆ ನಿಂತಿತ್ತು. ತಂಗಿ ರಂಗೋಲಿಯಲ್ಲಿ ಬರೆದಿದ್ದ ಮನೆ, ನಿಜವಾದ ಮರ, ನಿಜವಾದ ಮಣ್ಣು, ಹುಲ್ಲಿನ ಸೂರು ನೆಲಕ್ಕೆ ತಾಗುವ ಹಾಗೆ ಇಳಿದಿತ್ತು. ಅಷ್ಟು ಹೆದರಿಕೆಯ ಮಧ್ಯೆಯೂ ಒಳಗಿನ ಮೂಲೆ ಕಾಣುತ್ತದೆಯೇ ಎಂದು ಬಗ್ಗಿ ನೋಡಿದೆ.

ಆಮೇಲೆ ಹೇಳಿದೆ. ನಮ್ಮಲ್ಲಿ ಮಡಕೆ ಪಳಗಿಸುವ ಪದ್ಧತಿ, ಶುಕ್ರವಾರದ ಗಂಜಿ, ಎಣ್ಣೆ. ನಾನು ಹೀಗೆ ಮಾಡಿದ್ದು ನನ್ನ ತಂಗಿಗೆ ಗೊತ್ತಿರಲಿಲ್ಲ, ಅವಳು ಕೇಳಿದಾಗ ನಾನು ಸುಳ್ಳು ಹೇಳಿದೆ ಎಂದೆ. ತಂಗಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಟಿವಿ ನೋಡಿ, ಸುಳ್ಳಿಗೆ ಲೈ ಎನ್ನುವ ಪದ ಗೊತ್ತು. ಅದು ಬರುತ್ತದೆ ಎಂದು ಕಾಯುತ್ತಾ ಕೂತಿದ್ದೆ. ಅವಳ ಮಾತು ಮುಗಿಯಿತು. ಅದು ಬರಲಿಲ್ಲ.

ಅದನ್ನೂ ಹೇಳು ಎಂದು ಮೊಣಕೈಯಲ್ಲಿ ತಿವಿದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, ತುಟಿ ಅಲ್ಲಾಡಿಸದ ಹಾಗೆ ಹೇಳಿದಳು.

"ಅದು ನಮ್ಮನೆ ವಿಷ್ಯ."

ಆ ಹೆಂಗಸು ನಕ್ಕರು. ಅವರು ಹೇಳಿದ್ದನ್ನು ತಂಗಿ ನನಗೆ ಕನ್ನಡದಲ್ಲಿ ಹೇಳಿದಳು. ತಮ್ಮ ಅಜ್ಜಿಯೂ ಹೊಸ ಮಡಕೆಯಲ್ಲಿ ಮೊದಲು ಹಾಲು ಕಾಯಿಸುತ್ತಿದ್ದರಂತೆ, ಹೀಗೆ ಮಾಡಿದರೆ ನೀರು ನಿಲ್ಲುತ್ತದೆ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಂತೆ. ಆದರೆ ಅವರಿಗೆ ಬೇಕಿದ್ದದ್ದು ಅದಲ್ಲವಲ್ಲ. ಈ ಮಡಕೆಯನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ. ಬೇರೊಂದು ಊರಿನವರ ಹದವೂ ಪರವಾಗಿಲ್ಲ ಅನ್ನುವಷ್ಟು ಬಂದಿದೆ, ಸೋಮವಾರ ಅದರಂತೆ ಕಲಸುತ್ತೇವೆ ಎಂದರು. ಮಡಕೆಗಳ ಹೊಣೆಯೂ ಅವರಿಗೇ ಹೋಯಿತು. ತಂಗಿ ಆಗಲಿ ಎಂದು ತಲೆಯಾಡಿಸಿ, ನಗುತ್ತಲೇ ಮಾತು ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಕೈ ಅದರ ಮೇಲೇ ಇತ್ತು.

ನಮ್ಮನೆಯ ವಿಷಯವನ್ನು ಅವಳು ಹೊರಗೆ ಬಿಡಲಿಲ್ಲ. ನಾನು ಇಲ್ಲಿ ಬಿಡುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಬರಿ, ಆದರೆ ನನ್ನ ಹೆಸರು ಹಾಕಬೇಡ ಎಂದಳು.

ಒಂದಷ್ಟು ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ಆ ಮಡಕೆಯನ್ನು ಕುಟ್ಟಿ ಹೊಸ ಮಣ್ಣಿಗೆ ಬೆರೆಸುವ ಹಾಗೂ ಇರಲಿಲ್ಲ, ಎಣ್ಣೆ ಕುಡಿದಿತ್ತು. ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ನೀನೇ ಇಟ್ಟುಕೋ ಎಂದಳು. ಅದರಲ್ಲಿ ಬಸ್ಸಾರು ಮಾಡುತ್ತೇನೆ. ತುಂಬ ಚೆನ್ನಾಗಿ ಬರುತ್ತದೆ. ಹಾಗೆಂದು ಯಾರಾದರೂ ಹೊಗಳಿದರೆ ತಂಗಿ ತಟ್ಟೆ ನೋಡಿಕೊಂಡು ಊಟ ಮಾಡುತ್ತಾಳೆ.

ಆದರೆ ಅವಳು ಮಣ್ಣು ಬಿಡಲಿಲ್ಲ. ಮಡಕೆಗಳ ಹೊಣೆ ಹೋದರೇನು, ಪ್ರಶ್ನೆ ಹಾಗೇ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ನೆನೆಹಾಕಿದಳು. ಈ ಸಲ ಬೋಕಿ ಪುಡಿಯನ್ನು ಇನ್ನೂ ನುಣ್ಣಗೆ ಕುಟ್ಟಿ, ಮಡಕೆ ಒಣಗುವ ಮುಂಚೆ ಒಳಗಡೆ ನುಣುಪುಗಲ್ಲಿನಿಂದ ಉಜ್ಜಿದಳು. ಹೊಸೆಯಲು ನನ್ನನ್ನು ಕರೆಯಲಿಲ್ಲ. ನಾನೂ ಆ ಕಡೆ ಸುಳಿಯಲಿಲ್ಲ. ಸುಟ್ಟ ದಿನ ಕಿಟಕಿಯಿಂದ ಹೊಗೆ ನೋಡುತ್ತಾ ಹಪ್ಪಳ ಲಟ್ಟಿಸಿದೆ. ಕಾಲು ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನೀರು ತುಂಬಿಸಿದ್ದು ಹೋದ ಭಾನುವಾರ ಬೆಳಿಗ್ಗೆ. ತಿಂಡಿಯಾಯಿತು, ಏನೂ ಸುದ್ದಿಯಿಲ್ಲ. ಅಡುಗೆಯಾಯಿತು, ಸುದ್ದಿಯಿಲ್ಲ. ಊಟಕ್ಕೆ ಕರೆಯಲೇ, ಬೇಡವೇ ಎಂದು ಬಾಗಿಲವರೆಗೆ ಹೋಗಿ ವಾಪಸು ಬಂದೆ. ಆಮೇಲೆ ಹಿತ್ತಲಿನಿಂದ ಕೂಗಿದಳು.

"ಅಕ್ಕಾ, ಬಾ ಬೇಗ. ಹೆಂಗೆ ಸೋರ್ತಾ ಇದೆ ನೋಡು."

ಹೋದೆ. ಅವಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಕೊಂಡು ಮಡಕೆಯ ತಳ ನೋಡುತ್ತಿದ್ದಳು. ನಾನೂ ಸೀರೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ಮಲಗಿದೆ. ಮಡಕೆಯ ಹೊಟ್ಟೆಯಲ್ಲಿ ಅಂಗೈಯಷ್ಟು ಜಾಗ ಬೆವರಿತ್ತು. ತಳದ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಹನಿ ಕೂತಿತ್ತು. ಬೆಳಿಗ್ಗೆಯಿಂದ ಇದೊಂದೇ ಎಂದಳು. ಹನಿ ದಪ್ಪವಾಗುವುದನ್ನು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಅದು ಕೊನೆಗೂ ಬಿದ್ದಾಗ ಅವಳು ನನ್ನ ಮುಂಗೈ ಹಿಡಿದು ಅದುಮಿದಳು. ನಿಲ್ಲಲಿಲ್ಲ, ಆದರೆ ಹತ್ತಿರ ಬಂದಿದೆ, ಒಂದು ಮಡಕೆ ಗಂಜಿ ಬೇಯುವಷ್ಟು ಹೊತ್ತು ಧಾರಾಳವಾಗಿ ನಿಲ್ಲುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಲ್ಲೇ ಎದ್ದು ಕೂತು, ಕೆಸರಿನ ಬೆರಳಲ್ಲೇ ಫೋನಿನಲ್ಲಿ ಅವರಿಗೆ ಬರೆಯತೊಡಗಿದಳು. ಏನು ಬರೆಯುತ್ತಿದ್ದೀ ಎಂದು ಕೇಳಿದೆ. ಮೆಲ್ಲಗೆ ಸೋರುತ್ತಿದೆ, ಒಳಗೆ ಯಾರೂ ಏನೂ ಹಾಕಿಲ್ಲ ಅಂತ ಎಂದಳು.

ನನ್ನನ್ನು ಕೇಳಿರಲಿಲ್ಲ. ಕೇಳದೆಯೇ ಬರೆದಿದ್ದಳು. ನನಗೆ ತಡೆಯಲಾಗಲಿಲ್ಲ.

"ನಾನು ಮುಟ್ಟಿಲ್ಲ ಕಣೇ," ಎಂದೆ.

"ಗೊತ್ತು," ಎಂದಳು, ಫೋನಿನಿಂದ ತಲೆಯೆತ್ತದೆ. "ಸೋರ್ತಾ ಇದ್ಯಲ್ಲ."